ನೆಲನೆಲ್ಲಿ: ಹೆಸರು ಕಾಮಾಲೆಗೆ, ಭರವಸೆ ಮೂತ್ರದ ಕಲ್ಲಿಗೆ

(ಔಷಧಿ ಗಿಡಗಳ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತು ಮುಗಿದ ಮೇಲೆ ಸಭೆಯಿಂದ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಒಂದೆರಡು ಹದ ಮಳೆ ಬಿದ್ದರೆ ಸಾಕು, ಈ ಗಿಡ ಎಲ್ಲಿ ಬೇಕಾದರೂ ಏಳುತ್ತದೆ. ಹೊಲದ ಬದು, ತೋಟದ ಪಾತಿ, ಗೋಡೆಯ ಬುಡ, ಹೂಕುಂಡ, ಸಿಮೆಂಟಿನ ಬಿರುಕು, ಯಾವುದಾದರೂ ಆದೀತು. ಯಾರೂ ಬಿತ್ತುವುದಿಲ್ಲ, ನೀರು ಹಾಕುವುದಿಲ್ಲ. ಕಳೆ ಕೀಳಲು ಕೂತವರ ಕೈಗೆ ಮೊದಲು ಸಿಗುವ ಗಿಡಗಳಲ್ಲಿ ಇದೂ ಒಂದು. ನೆಲನೆಲ್ಲಿ ಅಂತೀವಿ, ಕಿರುನೆಲ್ಲಿ ಅಂತಲೂ ಕರೆಯುತ್ತಾರೆ. ಆಯುರ್ವೇದದವರು ಭೂಮ್ಯಾಮಲಕಿ ಅನ್ನುತ್ತಾರೆ.

ಹೆಸರು ಹೇಳಿದ ತಕ್ಷಣ ಬರುವ ಮಾತು ಒಂದೇ: "ಅದು ಕಾಮಾಲೆಗೆ ಒಳ್ಳೇದು." ಈ ಮಾತು ಎಷ್ಟು ಗಟ್ಟಿಯಾಗಿ ಬೇರು ಬಿಟ್ಟಿದೆ ಅಂದರೆ, ಅದನ್ನು ಯಾರೂ ತಿರುಗಿ ಕೇಳುವುದೇ ಇಲ್ಲ. ಇವತ್ತು ನಾನು ಅದನ್ನೇ ಕೇಳಬೇಕು ಅಂತಿದ್ದೇನೆ. ಯಾವ ಕಾಮಾಲೆಗೆ? ಎಷ್ಟು ಒಳ್ಳೆಯದು? ಯಾರು ನೋಡಿದ್ದಾರೆ, ಹೇಗೆ ನೋಡಿದ್ದಾರೆ? ನನಗೆ ಈ ಗಿಡದ ಮೇಲೆ ತುಂಬಾ ಪ್ರೀತಿ ಇದೆ. ಆ ಪ್ರೀತಿಯಿಂದಲೇ ಹೇಳುತ್ತಿದ್ದೇನೆ: ನಾವು ಇದರ ಮೇಲೆ ಸರಿಯಾದ ಕಡೆ ಭರವಸೆ ಇಟ್ಟಿಲ್ಲ. ಕಾಮಾಲೆಯಲ್ಲಿ ಇದಕ್ಕೆ ಸಿಕ್ಕ ಹೆಸರು ಜಾಸ್ತಿ, ಸಿಕ್ಕ ಸಾಕ್ಷಿ ಕಮ್ಮಿ. ಮೂತ್ರದ ಕಲ್ಲಿನ ವಿಷಯದಲ್ಲಿ ಸಿಕ್ಕ ಹೆಸರು ಕಮ್ಮಿ, ಆದರೆ ಅಲ್ಲಿ ಕೆಲಸ ಮುಂದುವರಿಸುವುದಕ್ಕೆ ಒಳ್ಳೆಯ ಕಾರಣಗಳಿವೆ.

ಮೊದಲು ಗಿಡ ನೋಡೋಣ. ಈ ಎರಡು ಗಿಡಗಳನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸಿ, ಎಲ್ಲರೂ ಕೈಯಲ್ಲಿ ಹಿಡಿದು ನೋಡಿ.

ಗೇಣುದ್ದದ ನೆಟ್ಟಗಿನ ಕಾಂಡ. ಅದರಿಂದ ಅಕ್ಕಪಕ್ಕಕ್ಕೆ ಚಾಚಿದ ಸಣ್ಣ ಕಡ್ಡಿಗಳು. ಪ್ರತಿ ಕಡ್ಡಿಗೂ ಎರಡು ಸಾಲು ಎಲೆ, ಹುಣಸೆ ಎಲೆಯ ಹಾಗೆ. ಒಂದೊಂದು ಎಲೆ ಹೆಚ್ಚೆಂದರೆ ಒಂದು ಸೆಂಟಿಮೀಟರ್ ಆಸುಪಾಸು. ಮೇಲಿನಿಂದ ನೋಡಿದರೆ ಇಷ್ಟೇ. ಈಗ ಒಂದು ಕಡ್ಡಿಯನ್ನು ಮೆಲ್ಲಗೆ ತಿರುಗಿಸಿ. ಎಲೆಯ ಬುಡದಲ್ಲಿ ಸಾಲಾಗಿ ಕಾಯಿ ಕಾಣುತ್ತವೆ ಅಲ್ವಾ? ಎರಡು ಮಿಲಿಮೀಟರ್ ಅಗಲದ ಹಸಿರು ಕಾಯಿ, ಪುಟ್ಟ ತೊಟ್ಟಿನಿಂದ ಕೆಳಕ್ಕೆ ಜೋತಿರುತ್ತವೆ. ಬೆಟ್ಟದ ನೆಲ್ಲಿ ಮತ್ತು ಇದು ಒಂದೇ ಕುಲದ ಗಿಡಗಳು, ಎರಡೂ ಫಿಲ್ಲಾಂಥಸ್. ಒಂದು ಮರವಾಯಿತು, ಇನ್ನೊಂದು ಕಳೆಯಾಯಿತು. ಕಾಯಿ ಒಣಗಿದಾಗ ಮೂರು ಭಾಗವಾಗಿ ಸಿಡಿಯುತ್ತದೆ. ಒಂದೊಂದು ಭಾಗದಲ್ಲಿ ಎರಡು ಬೀಜ, ಒಟ್ಟು ಆರು. ಒಂದು ಗಿಡ ಬಿಟ್ಟರೆ ಮುಂದಿನ ಮಳೆಗೆ ಅದರ ಸುತ್ತ ಗುಂಪು ಕಟ್ಟಿಕೊಂಡು ಏಳುವುದು ಇದರಿಂದಲೇ. ಇನ್ನೊಂದು ಗುಣ: ಕತ್ತಲಾದರೆ ಎಲೆಗಳು ಮಡಚಿಕೊಳ್ಳುತ್ತವೆ.

ಈಗ ಎರಡನೇ ಗಿಡ ನೋಡಿ. ಮೊದಲ ನೋಟಕ್ಕೆ ಅದೇ ಗಿಡ. ಆದರೆ ಕಾಂಡ ಕೆಂಪಗಿದೆ. ಕಾಯಿಗೆ ತೊಟ್ಟೇ ಇಲ್ಲ ಅನ್ನುವಷ್ಟು ಕಡ್ಡಿಗೆ ಅಂಟಿಕೊಂಡಿದೆ. ಬೆರಳಿನಿಂದ ಸವರಿದರೆ ನುಣುಪಿಲ್ಲ, ಮೈಮೇಲೆ ಸಣ್ಣ ಸಣ್ಣ ಗುಳ್ಳೆಯಂಥ ಉಬ್ಬು. ಭೂತಗನ್ನಡಿ ಇಟ್ಟುಕೊಂಡು ಬೀಜ ನೋಡಿದರೆ ಇನ್ನೂ ಸ್ಪಷ್ಟ: ಮೊದಲನೆಯದರ ಬೀಜದ ಬೆನ್ನ ಮೇಲೆ ಉದ್ದುದ್ದ ಗೆರೆ, ಇದರ ಬೀಜದ ಮೇಲೆ ಅಡ್ಡ ಗೆರೆ. ಮೊದಲನೆಯದು ಫಿಲ್ಲಾಂಥಸ್ ಅಮಾರಸ್. ಎರಡನೆಯದು ಫಿಲ್ಲಾಂಥಸ್ ಯುರಿನೇರಿಯಾ. ಇವೆರಡೇ ಅಲ್ಲ, ಡೆಬಿಲಿಸ್, ಫ್ರಾಟರ್ನಸ್, ಮದರಾಸ್ಪಟೆನ್ಸಿಸ್ ಅಂತ ಇನ್ನೂ ಹಲವು ಅಣ್ಣತಮ್ಮಂದಿರು ಇದೇ ಮಣ್ಣಿನಲ್ಲಿ ಏಳುತ್ತಾರೆ. ಜನ ಎಲ್ಲವನ್ನೂ ನೆಲನೆಲ್ಲಿ ಅಂತಲೇ ಕೀಳುತ್ತಾರೆ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ಗಿಡದ ಔಷಧಿ ಗುಣ ಅಂದರೆ ಅದರೊಳಗಿನ ರಾಸಾಯನಿಕಗಳ ಗುಣ. ಅಮಾರಸ್‌ನಲ್ಲಿ ಫಿಲ್ಲಾಂಥಿನ್, ಹೈಪೋಫಿಲ್ಲಾಂಥಿನ್ ಅನ್ನುವ ವಸ್ತುಗಳಿವೆ. ಲಿವರ್ ಕಾಪಾಡುವ ಶಕ್ತಿಯನ್ನು ಸಂಶೋಧಕರು ಮುಖ್ಯವಾಗಿ ಇವುಗಳಲ್ಲೇ ಹುಡುಕಿದ್ದು. ಎಲೆಯಲ್ಲಿ ಜಾಸ್ತಿ, ಕಾಂಡದಲ್ಲಿ ತೀರಾ ಕಮ್ಮಿ. ಜೊತೆಗೆ ಜೆರಾನಿನ್, ಕೊರಿಲಾಜಿನ್ ಮುಂತಾದ ಟ್ಯಾನಿನ್‌ಗಳು. ಎಲ್ಲ ಜಾತಿಯಲ್ಲೂ ಇವು ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ದಕ್ಷಿಣ ಭಾರತದ ಗಿಡಮೂಲಿಕೆ ಅಂಗಡಿಗಳಿಂದ ನೆಲನೆಲ್ಲಿಯ ಒಣ ಗಿಡ ತಂದು ಪರೀಕ್ಷಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಡಿಎನ್‌ಎ ನೋಡಿ ಜಾತಿ ಗುರುತಿಸಿದರು. ಶೇ. 76ರಷ್ಟು ಮಾದರಿಗಳಲ್ಲಿ ಇದ್ದಿದ್ದು ಬಹುಪಾಲು ಅಮಾರಸ್. ಉಳಿದ ಕಡೆ ಬೇರೆ ಜಾತಿಗಳ ಕಲಬೆರಕೆ. ನಾಲ್ಕರಲ್ಲಿ ಒಂದು ಕಡೆ ನೀವು ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು ಅಂದ ಹಾಗಾಯಿತು. ಬೇಕಂತ ಮಾಡುವ ಮೋಸ ಅಂತ ನಾನು ಹೇಳುವುದಿಲ್ಲ. ಕೀಳುವವರಿಗೆ ಕಾಯಿ ತಿರುಗಿಸಿ ನೋಡುವ ಅಭ್ಯಾಸ ಇಲ್ಲ, ಅಷ್ಟೇ.

ಹಳೆಯ ಪುಸ್ತಕಗಳಲ್ಲಿ ಇದೇ ಗಿಡವನ್ನು ಫಿಲ್ಲಾಂಥಸ್ ನಿರೂರಿ ಅಂತ ಬರೆದಿರುವುದನ್ನು ನೀವು ನೋಡಿರಬಹುದು. ನಿರೂರಿ ನಿಜಕ್ಕೂ ಅಮೆರಿಕ ಖಂಡದ ಬೇರೊಂದು ಜಾತಿ. 1957ರಲ್ಲಿ ಸಸ್ಯವಿಜ್ಞಾನಿ ವೆಬ್‌ಸ್ಟರ್ ಈ ಗೊಂದಲ ಬಿಡಿಸಿದರು. ಆದರೂ ಔಷಧಿ ಡಬ್ಬಿಗಳ ಮೇಲೆ ಇವತ್ತಿಗೂ ಎರಡೂ ಹೆಸರು ಓಡಾಡುತ್ತಿವೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಕಾಮಾಲೆಗೆ ಬರೋಣ.

ಕಾಮಾಲೆ ಒಂದು ರೋಗ ಅಲ್ಲ, ಒಂದು ಲಕ್ಷಣ. ನಮ್ಮ ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬದುಕಿ ಸಾಯುತ್ತವೆ. ಅವು ಒಡೆದಾಗ ಬಿಲಿರುಬಿನ್ ಅನ್ನುವ ಹಳದಿ ವಸ್ತು ಹುಟ್ಟುತ್ತದೆ. ಲಿವರ್ ಅದನ್ನು ಹಿಡಿದು, ಹದಗೊಳಿಸಿ, ಪಿತ್ತದ ಜೊತೆ ಕರುಳಿಗೆ ಸಾಗಿಸುತ್ತದೆ. ಈ ದಾರಿಯಲ್ಲಿ ಎಲ್ಲಿ ತೊಡಕಾದರೂ ಹಳದಿ ರಕ್ತದಲ್ಲೇ ಉಳಿದು ಕಣ್ಣಿಗೆ, ಚರ್ಮಕ್ಕೆ ಬರುತ್ತದೆ. ಕೆಂಪು ಕಣಗಳು ಅತಿಯಾಗಿ ಒಡೆದರೂ ಕಾಮಾಲೆ. ವೈರಸ್‌ನಿಂದ ಲಿವರ್ ಬಾತರೂ ಕಾಮಾಲೆ. ಕುಡಿತದಿಂದ ಲಿವರ್ ಕೆಟ್ಟರೂ ಕಾಮಾಲೆ. ಪಿತ್ತನಾಳದಲ್ಲಿ ಕಲ್ಲೋ ಗಡ್ಡೆಯೋ ಅಡ್ಡ ಕೂತರೂ ಕಾಮಾಲೆ. ಇಲಿ ಜ್ವರದಲ್ಲೂ ಕಾಮಾಲೆ ಬರುತ್ತದೆ, ಮಲೇರಿಯಾದಲ್ಲೂ ಬರಬಹುದು. ಇಷ್ಟೂ ಕಾರಣಗಳಿಗೆ ಒಂದೇ ಸೊಪ್ಪು ಮದ್ದಾಗುವುದು ಹೇಗೆ ಸಾಧ್ಯ ಹೇಳಿ?

ಆದರೂ ಈ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ಅದಕ್ಕೆ ಕಾರಣ ಹೆಪಟೈಟಿಸ್ ಎ ಮತ್ತು ಇ. ಕೊಳಕು ನೀರು, ಕೊಳಕು ಆಹಾರದಿಂದ ಬರುವ ಸೋಂಕು ಇವು. ಮನೆಮದ್ದಿಗೆ ಬರುವ ಕಾಮಾಲೆಯಲ್ಲಿ ದೊಡ್ಡ ಪಾಲು ಇವುಗಳದ್ದೇ. ಹೆಚ್ಚಿನವರಲ್ಲಿ ಇವು ಕೆಲವು ವಾರಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಲಿವರ್‌ಗೆ ಗಾಯವಾದ ಜಾಗದಲ್ಲಿ ಮತ್ತೆ ಬೆಳೆಯುವ ಶಕ್ತಿ ಇದೆ. ಮೂರನೇ ದಿನ ಸೊಪ್ಪು ಅರೆದು ಹಾಲಿನಲ್ಲೋ ಮಜ್ಜಿಗೆಯಲ್ಲೋ ಕಲಸಿ ಕೊಟ್ಟರು, ಹದಿನೈದನೇ ದಿನ ಕಣ್ಣು ತಿಳಿಯಾಯಿತು. ವಾಸಿ ಮಾಡಿದ್ದು ಸೊಪ್ಪೋ, ಲಿವರ್ರೋ? ಒಬ್ಬ ರೋಗಿಯನ್ನು ನೋಡಿ ಇದನ್ನು ಹೇಳಲು ಬರುವುದಿಲ್ಲ. ನೂರು ರೋಗಿಗಳನ್ನು ನೋಡಿದರೂ ಬರುವುದಿಲ್ಲ, ಸೊಪ್ಪು ಕೊಡದ ಇನ್ನೊಂದು ಗುಂಪನ್ನು ಪಕ್ಕದಲ್ಲಿ ಇಟ್ಟು ನೋಡದಿದ್ದರೆ.

ನಾಟಿ ಚಿಕಿತ್ಸೆಯ ಜೊತೆ ಬರುವ ಪಥ್ಯವನ್ನೂ ಮರೆಯಬಾರದು. ಮದ್ಯ ಮುಟ್ಟಬೇಡ, ಬೇರೆ ಮಾತ್ರೆ ನುಂಗಬೇಡ, ಮೈಗೆ ವಿಶ್ರಾಂತಿ ಕೊಡು ಅಂತಾರೆ. ಬಾತ ಲಿವರ್‌ಗೆ ಇದಕ್ಕಿಂತ ಒಳ್ಳೆಯ ಸಲಹೆ ಇಲ್ಲ. ಮೈಕೈ ನೋವಿಗೆ ಅಂತ ಲೆಕ್ಕ ಇಲ್ಲದೆ ನುಂಗುವ ಪ್ಯಾರಸಿಟಮಾಲ್ ಒಂದನ್ನು ಬಿಟ್ಟರೂ ಅದು ದೊಡ್ಡ ಉಪಕಾರ. ಆದರೆ ಪಥ್ಯ ಅಂದುಕೊಂಡು ರೋಗಿಗೆ ಗಂಜಿ ನೀರು ಬಿಟ್ಟು ಬೇರೇನೂ ಕೊಡದಿರುವುದು ತಪ್ಪು. ದುರಸ್ತಿಯಾಗುತ್ತಿರುವ ಲಿವರ್‌ಗೆ ಊಟ ಬೇಕು.

ಹಾಗಾದರೆ ಈ ಗಿಡವನ್ನು ಯಾರೂ ಸರಿಯಾಗಿ ಪರೀಕ್ಷೆ ಮಾಡಲಿಲ್ಲವಾ? ಮಾಡಿದರು. ಅದು ಬಹಳ ಚೆನ್ನಾದ ಕಥೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬರೂಚ್ ಬ್ಲೂಂಬರ್ಗ್ ಅಂತ ಅಮೆರಿಕದ ಒಬ್ಬ ವೈದ್ಯ ವಿಜ್ಞಾನಿ. ಹೆಪಟೈಟಿಸ್ ಬಿ ವೈರಸ್‌ನ ಗುರುತನ್ನು ರಕ್ತದಲ್ಲಿ ಪತ್ತೆ ಮಾಡಿದವರು ಅವರು. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಮೊದಲು ಕಂಡದ್ದರಿಂದ ಅದಕ್ಕೆ ಆಸ್ಟ್ರೇಲಿಯಾ ಆಂಟಿಜೆನ್ ಅಂತಲೇ ಹೆಸರು ಬಿತ್ತು. 1976ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ಲಸಿಕೆಗೂ ದಾರಿ ಮಾಡಿಕೊಟ್ಟವರು ಅವರೇ. ಆದರೆ ಲಸಿಕೆ ಇನ್ನೂ ಸೋಂಕು ತಗುಲದವರಿಗೆ. ಆಗಲೇ ವೈರಸ್ ಹೊತ್ತು ಬದುಕುತ್ತಿರುವ ಕೋಟಿಗಟ್ಟಲೆ ಜನರಿಗೆ ಏನು ಮಾಡುವುದು? ಬೇರೆ ಬೇರೆ ಕಡೆ ಕಾಮಾಲೆಗೆ ಬಳಸುತ್ತಿದ್ದ ಗಿಡಗಳನ್ನು ಅವರ ತಂಡ ಹುಡುಕಿ ತರಿಸಿತು.

ಪರೀಕ್ಷೆಯ ದಾರಿ ಸರಳವಾಗಿತ್ತು. ಹೆಪಟೈಟಿಸ್ ಬಿ ವೈರಸ್ ತನ್ನ ನಕಲು ಮಾಡಿಕೊಳ್ಳಲು ಡಿಎನ್‌ಎ ಪಾಲಿಮರೇಸ್ ಅನ್ನುವ ಕಿಣ್ವ ಬೇಕೇ ಬೇಕು. ಯಾವ ಗಿಡದ ಸಾರ ಆ ಕಿಣ್ವವನ್ನು ತಡೆಯುತ್ತದೆ ಅಂತ ನೋಡಿದರು. ನೆಲನೆಲ್ಲಿ ತಡೆಯಿತು. ವುಡ್‌ಚಕ್ ಅಂತ ಅಳಿಲಿನ ಬಳಗದ ಒಂದು ದಪ್ಪನೆಯ ಪ್ರಾಣಿ ಇದೆ. ಅದಕ್ಕೂ ಇಂಥದ್ದೇ ಒಂದು ವೈರಸ್ ಬರುತ್ತದೆ. ಸೋಂಕು ತಗುಲಿದ ವುಡ್‌ಚಕ್‌ಗಳಿಗೆ ಸಾರ ಕೊಟ್ಟು ನೋಡಿದರು, ಅಲ್ಲೂ ಫಲ ಕಂಡಿತು. ಇದು ಪ್ರಕಟವಾದದ್ದು 1987ರಲ್ಲಿ. ಆ ಪ್ರಬಂಧದಲ್ಲಿ ಗಿಡದ ಹೆಸರು ನಿರೂರಿ ಅಂತಿದೆ. ಮುಂದಿನ ಪ್ರಬಂಧದಲ್ಲಿ ಅಮಾರಸ್ ಅಂತಾಯಿತು.

ಆ ಮುಂದಿನ ಪ್ರಬಂಧವೇ ಎಲ್ಲರ ಕಣ್ಣು ತೆರೆಸಿದ್ದು. ಮದ್ರಾಸಿನ ತ್ಯಾಗರಾಜನ್ ಮತ್ತು ಅವರ ಸಂಗಡಿಗರು ಬ್ಲೂಂಬರ್ಗ್ ಜೊತೆ ಸೇರಿ 1988ರಲ್ಲಿ 'ಲ್ಯಾನ್ಸೆಟ್' ಅನ್ನುವ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹೆಪಟೈಟಿಸ್ ಬಿ ವೈರಸ್ ಹೊತ್ತಿರುವವರಿಗೆ ನೆಲನೆಲ್ಲಿ ಪುಡಿಯನ್ನು 30 ದಿನ ಕೊಟ್ಟರು. ಇನ್ನೊಂದು ಗುಂಪಿಗೆ ಔಷಧಿ ಇಲ್ಲದ ಪೊಳ್ಳು ಕ್ಯಾಪ್ಸೂಲ್. ಚಿಕಿತ್ಸೆ ಮುಗಿದು 15ರಿಂದ 20 ದಿನಕ್ಕೆ ರಕ್ತ ನೋಡಿದರೆ, ನೆಲನೆಲ್ಲಿ ತಗೊಂಡ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್‌ನ ಗುರುತು ಇರಲಿಲ್ಲ. ಪೊಳ್ಳು ಕ್ಯಾಪ್ಸೂಲ್ ತಗೊಂಡ 23 ಜನರಲ್ಲಿ ಹಾಗಾಗಿದ್ದು ಒಬ್ಬರಿಗೆ ಮಾತ್ರ. ಶೇ. 59 ಎಲ್ಲಿ, ಶೇ. 4 ಎಲ್ಲಿ! ಈ ವೈರಸ್ ಒಮ್ಮೆ ಬೇರೂರಿದರೆ ಸುಲಭಕ್ಕೆ ಹೋಗುವಂಥದ್ದಲ್ಲ. ಕಳೆ ಅಂತ ಕಿತ್ತು ಬಿಸಾಡುವ ಗಿಡ ಇದನ್ನು ಮಾಡಿತು ಅಂದರೆ ಯಾರಿಗೆ ರೋಮಾಂಚನ ಆಗುವುದಿಲ್ಲ?

ಆದರೆ ಆ ಪ್ರಬಂಧ ಬರೆದವರೇ ಇದನ್ನು ಪ್ರಾಥಮಿಕ ಅಧ್ಯಯನ ಅಂತ ಕರೆದಿದ್ದರು. ಇದು ಮುಖ್ಯ. ಬೇರೆಯವರು ಬೇರೆ ಕಡೆ ಮಾಡಿ ನೋಡಬೇಕಿತ್ತು. ನೋಡಿದರು ಕೂಡ. 1990ರಲ್ಲಿ ಥಾಯ್ಲೆಂಡ್‌ನ ವೈದ್ಯರು ಅದೇ 'ಲ್ಯಾನ್ಸೆಟ್'ನಲ್ಲಿ ಬರೆದರು: ನಮ್ಮಲ್ಲಿ ಕೆಲಸ ಮಾಡಲಿಲ್ಲ. 1994ರಲ್ಲಿ ನ್ಯೂಜಿಲೆಂಡ್‌ನವರು ಬರೆದರು: ನಮ್ಮಲ್ಲೂ ಇಲ್ಲ. 1995ರಲ್ಲಿ ಚೀನಾದ ಒಂದು ಅಧ್ಯಯನ ಬಂತು. ಅದರಲ್ಲಿ ಅಮಾರಸ್, ನಿರೂರಿ, ಯುರಿನೇರಿಯಾ ಮೂರನ್ನೂ ಬೇರೆ ಬೇರೆ ಗುಂಪಿಗೆ ಕೊಟ್ಟರು. ಅಮಾರಸ್ ಹೋಗಿದ್ದು ಮದ್ರಾಸಿನ ತಂಡದಿಂದಲೇ. ಯುರಿನೇರಿಯಾ ತಗೊಂಡವರಲ್ಲಿ ವೈರಸ್ ಚುರುಕಾಗಿದೆ ಅನ್ನುವ ಒಂದು ಗುರುತು ಸ್ವಲ್ಪ ಹೆಚ್ಚು ಜನರಲ್ಲಿ ಇಳಿಯಿತು. ಆದರೆ ಮದ್ರಾಸಿನಲ್ಲಿ ಮಾಯವಾಗಿದ್ದ ಮುಖ್ಯ ಗುರುತು ಇಲ್ಲಿ ಒಬ್ಬರಲ್ಲೂ ಹೋಗಲಿಲ್ಲ.

ಕೊನೆಗೆ 2011ರಲ್ಲಿ ಕಾಕ್ರೇನ್ ವಿಮರ್ಶೆ ಬಂತು. ಒಂದೇ ಚಿಕಿತ್ಸೆಯ ಮೇಲೆ ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ಹಾಕಿ ತೂಗಿ ನೋಡುವ ಕೆಲಸ ಅದು. ನೆಲನೆಲ್ಲಿ ಕುಲದ ಗಿಡಗಳ ಮೇಲಿನ 16 ಪರೀಕ್ಷೆಗಳನ್ನು ತೂಗಿದರು. ಹೆಪಟೈಟಿಸ್ ಬಿಗೆ ಇದು ಫಲ ಕೊಡುತ್ತದೆ ಅನ್ನಲು ನಂಬುವಂಥ ಸಾಕ್ಷಿ ಇಲ್ಲ ಅಂದರು.

ಯಾಕೆ ಹೀಗಾಯಿತು? ಬೆಳೆದ ಮಣ್ಣು, ಕಿತ್ತ ಕಾಲ, ಒಣಗಿಸಿದ ರೀತಿ, ಜಾತಿಯ ವ್ಯತ್ಯಾಸ, ಏನು ಬೇಕಾದರೂ ಇರಬಹುದು. ಅಥವಾ ಮೊದಲ ಸಣ್ಣ ಅಧ್ಯಯನದ ಅಂಕಿಗಳೇ ಅದೃಷ್ಟದಿಂದ ಚೆನ್ನಾಗಿ ಬಂದಿರಬಹುದು. ಸಣ್ಣ ಗುಂಪುಗಳಲ್ಲಿ ಹೀಗಾಗುವುದು ಇದ್ದದ್ದೇ. ನನಗೆ ಇದರಲ್ಲಿ ನಿರಾಸೆಗಿಂತ ಗೌರವ ಜಾಸ್ತಿ. ನೊಬೆಲ್ ಬಂದ ವಿಜ್ಞಾನಿ ಒಂದು ಕಳೆಯನ್ನು ಗಂಭೀರವಾಗಿ ತಗೊಂಡರು. ಬೇರೆ ದೇಶದವರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು, ಬಂದ ಉತ್ತರವನ್ನು ಮುಚ್ಚಿಡಲಿಲ್ಲ. ಬೇಸರದ ಸಂಗತಿ ಬೇರೆ ಇದೆ. 1988ರ ಸುದ್ದಿ ಮನೆಮನೆಗೂ ಮುಟ್ಟಿತು, 1990ರದ್ದು ಮುಟ್ಟಲಿಲ್ಲ. "ಲ್ಯಾನ್ಸೆಟ್‌ನಲ್ಲೇ ಬಂದಿದೆ" ಅನ್ನುವ ಮಾತು ಇವತ್ತಿಗೂ ಜಾಹೀರಾತುಗಳಲ್ಲಿ ಕಾಣುತ್ತದೆ. ಅದೇ ಪತ್ರಿಕೆಯಲ್ಲಿ ಬಂದ ಎರಡನೇ ಉತ್ತರ ಕಾಣುವುದಿಲ್ಲ.

ಹಾಗಂತ ಲಿವರ್ ಮೇಲೆ ಈ ಗಿಡದ ಪ್ರಭಾವವೇ ಇಲ್ಲ ಅಂತ ಅಲ್ಲ. ಇಲಿಗಳ ಲಿವರ್‌ಗೆ ಕಾರ್ಬನ್ ಟೆಟ್ರಾಕ್ಲೋರೈಡ್‌ನಂಥ ವಿಷ ಕೊಟ್ಟು, ಜೊತೆಗೆ ನೆಲನೆಲ್ಲಿ ಸಾರ ಕೊಟ್ಟಾಗ ಹಾನಿ ಕಮ್ಮಿಯಾಗಿದ್ದನ್ನು ಹಲವರು ತೋರಿಸಿದ್ದಾರೆ. ಆದರೆ ಇಲಿಗೂ ಮನುಷ್ಯನಿಗೂ ನಡುವೆ ದಾರಿ ಉದ್ದ ಇದೆ. ಆ ದಾರಿಯನ್ನು ಈ ಗಿಡ ಇನ್ನೂ ದಾಟಿಲ್ಲ.

ಈಗ ಮೂತ್ರದ ಕಲ್ಲು.

ಬ್ರೆಜಿಲ್‌ನಲ್ಲಿ ನಿರೂರಿ ಗಿಡದ ಕಷಾಯವನ್ನು ಕಲ್ಲಿಗೆ ಕುಡಿಯುವುದು ಹಳೆಯ ರೂಢಿ. ನೆನಪಿಡಿ, ಇದು ನಿರೂರಿ, ನಮ್ಮ ಹಿತ್ತಲ ಅಮಾರಸ್ ಅಲ್ಲ, ಅದರ ಹತ್ತಿರದ ನೆಂಟ. ಅಲ್ಲಿನ ಸಂಶೋಧಕರು ಕೇಳಿದ ಪ್ರಶ್ನೆ ನನಗೆ ತುಂಬಾ ಇಷ್ಟ. ಕಲ್ಲು ಕರಗುತ್ತದಾ ಅಂತ ಅವರು ಕೇಳಲಿಲ್ಲ. ಕಲ್ಲು ಹುಟ್ಟುವುದು ಹೇಗೆ, ಆ ಹಂತದಲ್ಲಿ ಗಿಡ ಏನಾದರೂ ಮಾಡುತ್ತದಾ ಅಂತ ಕೇಳಿದರು.

ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟ್‌ನವು. ಮೂತ್ರದಲ್ಲಿ ಈ ಹರಳುಗಳು ಎಲ್ಲರಲ್ಲೂ ಆಗಾಗ ಹುಟ್ಟುತ್ತವೆ, ಮೂತ್ರದ ಜೊತೆ ಹೊರಟೂ ಹೋಗುತ್ತವೆ. ಕಿಡ್ನಿಯ ಸಣ್ಣ ನಾಳಗಳ ಗೋಡೆಗೆ ಹರಳು ಅಂಟಿಕೊಂಡು, ಜೀವಕೋಶದೊಳಗೆ ಸೇರಿ, ಅದರ ಮೇಲೆ ಇನ್ನಷ್ಟು ಹರಳು ಕೂಡಿದಾಗ ಕಲ್ಲಾಗುತ್ತದೆ. 1999ರಲ್ಲಿ ಬ್ರೆಜಿಲ್‌ನವರು ಕಿಡ್ನಿ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಮೇಲೆ ಹರಳು ಹಾಕಿದರು. ನಿರೂರಿ ಸಾರ ಇದ್ದ ಕಡೆ ಹರಳುಗಳು ಕೋಶದೊಳಗೆ ಸೇರುವುದು ಕಮ್ಮಿಯಾಯಿತು. ಆಮೇಲೆ ಇಲಿಗಳ ಮೂತ್ರಕೋಶದಲ್ಲಿ ಸಣ್ಣ ಹರಳೊಂದನ್ನು ಇಟ್ಟು, ಅದರ ಸುತ್ತ ಕಲ್ಲು ಬೆಳೆಯಲು ಬಿಟ್ಟರು. ಸಾರ ಕುಡಿದ ಇಲಿಗಳಲ್ಲಿ ಕಲ್ಲು ಅಷ್ಟು ಬೆಳೆಯಲಿಲ್ಲ. ಬೆಳೆದದ್ದೂ ಮುಳ್ಳುಮುಳ್ಳಾಗಿರದೆ ನುಣುಪಾಗಿತ್ತು. ಕಲ್ಲು ಜಾರಿದಾಗ ನೋವು ಅನುಭವಿಸಿದವರಿಗೆ ಈ ನುಣುಪಿನ ಬೆಲೆ ಗೊತ್ತಿರುತ್ತದೆ.

ಮನುಷ್ಯರ ಮೇಲೆ? 2004ರಲ್ಲಿ ಬ್ರೆಜಿಲ್‌ನಲ್ಲೇ ಕ್ಯಾಲ್ಸಿಯಂ ಕಲ್ಲಿನ 69 ರೋಗಿಗಳ ಮೇಲೆ ಮೂರು ತಿಂಗಳ ಪರೀಕ್ಷೆ ನಡೆಯಿತು. ಎಲ್ಲರಲ್ಲೂ ಬದಲಾವಣೆ ಆಗಲಿಲ್ಲ. ಮೂತ್ರದಲ್ಲಿ ಕ್ಯಾಲ್ಸಿಯಂ ಅತಿಯಾಗಿ ಹೋಗುತ್ತಿದ್ದವರಲ್ಲಿ ಮಾತ್ರ ಅದು ಇಳಿಯಿತು. 2006ರಲ್ಲಿ ಇಟಲಿಯ ವೈದ್ಯರು ಇನ್ನೊಂದು ಬಗೆಯಲ್ಲಿ ನೋಡಿದರು. ಮೈಯ ಹೊರಗಿನಿಂದ ಆಘಾತದ ಅಲೆ ಬಿಟ್ಟು ಕಲ್ಲು ಪುಡಿ ಮಾಡಿಸಿಕೊಂಡ 150 ಜನರಲ್ಲಿ ಅರ್ಧಕ್ಕೆ ನಿರೂರಿ ಕೊಟ್ಟರು. ಒಟ್ಟು ಲೆಕ್ಕದಲ್ಲಿ ವ್ಯತ್ಯಾಸ ಅಷ್ಟಿರಲಿಲ್ಲ. ಆದರೆ ಕಿಡ್ನಿಯ ಕೆಳಭಾಗದಲ್ಲಿ ಕಲ್ಲಿದ್ದವರನ್ನು ಮಾತ್ರ ನೋಡಿದರೆ ಎದ್ದು ಕಂಡಿತು. ಗಿಡ ತಗೊಂಡವರಲ್ಲಿ ಶೇ. 93ಕ್ಕೂ ಹೆಚ್ಚು ಜನರಿಗೆ ಕಲ್ಲು ಪೂರ್ತಿ ಹೋಗಿತ್ತು, ತಗೊಳ್ಳದವರಲ್ಲಿ ಶೇ. 71ರಷ್ಟು ಜನರಿಗೆ. ಕೆಳಭಾಗದಲ್ಲಿ ಉಳಿದ ಪುಡಿ ಮೇಲೆ ಹತ್ತಿ ಹೊರಹೋಗಬೇಕು, ಅದು ಕಷ್ಟ. ಅಂಥ ಜಾಗದಲ್ಲೇ ಫಲ ಕಂಡಿದೆ. ಇಷ್ಟರಿಂದ ಎಲ್ಲ ಸಾಬೀತಾಯಿತು ಅನ್ನಲಾಗದು. ಇನ್ನೂ ದೊಡ್ಡ ಪರೀಕ್ಷೆಗಳು ಬೇಕು. ಆದರೂ ಜೀವಕೋಶ, ಇಲಿ, ಮನುಷ್ಯ, ಮೂರೂ ಕಡೆ ಸಿಕ್ಕ ಸುಳಿವು ಒಂದೇ ದಿಕ್ಕಿಗೆ ಕೈ ತೋರಿಸುತ್ತಿದೆ. ಕಾಮಾಲೆಯ ವಿಷಯದಲ್ಲಿ ಹೀಗೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ಇಲ್ಲೂ ಒಂದು ಎಚ್ಚರಿಕೆ. ಐದು ಮಿಲಿಮೀಟರ್ ಒಳಗಿನ ಕಲ್ಲುಗಳಲ್ಲಿ ಹೆಚ್ಚಿನವು ಏನೂ ಮಾಡದಿದ್ದರೂ ತಾವಾಗಿಯೇ ಬೀಳುತ್ತವೆ. ಕಷಾಯ ಕುಡಿದ ವಾರಕ್ಕೆ ಕಲ್ಲು ಬಿತ್ತು ಅಂದರೆ ಹೆಪಟೈಟಿಸ್ ಎ ಲೆಕ್ಕವೇ ಇಲ್ಲೂ ಬರುತ್ತದೆ. ಬೆಳೆದು ಕೂತ ದೊಡ್ಡ ಕಲ್ಲನ್ನು ಈ ಗಿಡ ಒಡೆಯುವುದಿಲ್ಲ, ಕರಗಿಸುವುದಿಲ್ಲ. ಜ್ವರ, ಚಳಿ ಜೊತೆ ಪಕ್ಕೆ ನೋವು ಬಂದರೆ, ಮೂತ್ರ ಕಟ್ಟಿದರೆ, ಕಷಾಯ ಕಾಯಿಸುತ್ತ ಕೂರಬೇಡಿ. ಸೋಂಕು ಸೇರಿದ ಮೇಲೆ ಕಿಡ್ನಿ ಉಳಿಯುವುದು ಗಂಟೆಗಳ ಲೆಕ್ಕದಲ್ಲಿ. ಕಲ್ಲು ಮರುಕಳಿಸದಿರಲು ಎಲ್ಲಕ್ಕಿಂತ ಮೊದಲ ಮದ್ದು ನೀರು. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಬರುವಷ್ಟು ಕುಡಿಯಬೇಕು. ನೆಲನೆಲ್ಲಿ ಅದರ ಜೊತೆಗೆ, ಅದರ ಬದಲಿಗೆ ಅಲ್ಲ.

ಬಳಸುವವರಿಗೆ ಎರಡು ಮಾತು. ಗಿಡ ಎಲ್ಲಿಂದ ಕೀಳುತ್ತೀರಿ ಅನ್ನುವುದು ಮುಖ್ಯ. ರಸ್ತೆ ಬದಿ, ಚರಂಡಿ ಪಕ್ಕ, ಕಳೆನಾಶಕ ಹೊಡೆದ ಹೊಲ ಬೇಡವೇ ಬೇಡ. ಕಳೆನಾಶಕ ಹೊಡೆದ ಮೊದಲ ಕೆಲವು ದಿನ ಗಿಡ ಹಸಿರಾಗಿಯೇ ನಿಂತಿರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಕಾಯಿ ಬಿಟ್ಟ ಗಿಡವನ್ನೇ ಕೀಳಿ. ಕಾಯಿ ಇಲ್ಲದ ಎಳೆ ಗಿಡದಲ್ಲಿ ಜಾತಿ ಗುರುತಿಸುವುದು ಕಷ್ಟ. ಒಣಗಿಸುವುದಾದರೆ ನೆರಳಿನಲ್ಲಿ. ಒಣಗುವಾಗ ಎಲೆ ಉದುರುತ್ತದೆ, ಆ ಎಲೆಯನ್ನು ಗುಡಿಸಿ ಎಸೆದು ಕಡ್ಡಿಯನ್ನು ಜೋಪಾನ ಮಾಡುವವರಿದ್ದಾರೆ. ಸತ್ವ ಇರುವುದು ಎಲೆಯಲ್ಲಿ.

ಬಸುರಿಯರು, ಹಾಲುಣಿಸುವವರು ಇದನ್ನು ತಗೊಳ್ಳುವುದು ಬೇಡ. ಬಸುರಿಯರಿಗೆ ಕಾಮಾಲೆ ಬಂದರೆ ಒಂದು ದಿನವೂ ತಡ ಮಾಡಬಾರದು. ಹೆಪಟೈಟಿಸ್ ಇ ಬೇರೆಯವರಲ್ಲಿ ಸೌಮ್ಯ, ಆದರೆ ಕೊನೆಯ ಮೂರು ತಿಂಗಳ ಬಸುರಿಯರಲ್ಲಿ ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದರವರೆಗೂ ಸಾವು ಕಂಡಿದೆ.

ಇನ್ನು ನೀವು ಕೇಳಿ.

"ಕಾಮಾಲೆ ಬಂದಾಗ ಎಷ್ಟು ದಿನ ಮನೆಮದ್ದು ಮಾಡಿ ಆಮೇಲೆ ಡಾಕ್ಟರ್ ಹತ್ರ ಹೋಗಬಹುದು?" ಅಂತ ಒಬ್ಬರು ಕೇಳಿದರು.

ಆಮೇಲೆ ಅಲ್ಲ ಸರ್, ಮೊದಲು. ಕಣ್ಣು ಹಳದಿ ಕಂಡ ದಿನವೇ ರಕ್ತ ಪರೀಕ್ಷೆ ಮಾಡಿಸಿ. ಬಿಲಿರುಬಿನ್, ಎಸ್‌ಜಿಪಿಟಿ ಅನ್ನುವ ಲಿವರ್ ಕಿಣ್ವ, ರಕ್ತ ಹೆಪ್ಪುಗಟ್ಟುವ ಸಮಯ ನೋಡಿದರೆ ಲಿವರ್ ಎಷ್ಟು ದಣಿದಿದೆ ಅಂತ ಅಂದಾಜು ಸಿಗುತ್ತದೆ. ಮಲ ಬೆಳ್ಳಗಾಗಿ ಮೈಯೆಲ್ಲ ತುರಿಕೆ ಇದ್ದರೆ ಪಿತ್ತನಾಳ ಕಟ್ಟಿರಬಹುದು, ಸ್ಕ್ಯಾನ್ ಬೇಕು. ಜ್ವರ, ಮೀನಖಂಡದ ನೋವಿನ ಜೊತೆ ಕಾಮಾಲೆ ಇದ್ದರೆ ಇಲಿ ಜ್ವರದ ಅನುಮಾನ ಬರಬೇಕು. ಅದಕ್ಕೆ ಬೇಗ ಆಂಟಿಬಯೋಟಿಕ್ ಕೊಟ್ಟರೆ ಜೀವ ಉಳಿಯುತ್ತದೆ. ರೋಗಿ ಮಂಪರಾಗಿದ್ದರೆ, ತಡಬಡ ಮಾತಾಡುತ್ತಿದ್ದರೆ, ಒಸಡಲ್ಲಿ ಮೂಗಲ್ಲಿ ರಕ್ತ ಬಂದರೆ ಆ ಕ್ಷಣವೇ ಆಸ್ಪತ್ರೆ. ಇದು ಸಾದಾ ಹೆಪಟೈಟಿಸ್ ಎ ಅಂತ ಖಚಿತವಾಗಿ, ಡಾಕ್ಟರ್ ಮನೆಯಲ್ಲೇ ಇರಿ ಅಂದ ಮೇಲೂ ಸೊಪ್ಪು ತಗೊಳ್ಳುವುದಾದರೆ ಅವರಿಗೆ ಹೇಳಿಯೇ ತಗೊಳ್ಳಿ.

"ಹುಟ್ಟಿದ ಮಗುವಿಗೆ ಕಾಮಾಲೆ ಬಂದರೆ ಒಂದು ತೊಟ್ಟು ರಸ ಕೊಡಬಹುದಾ?" ಇದು ಒಬ್ಬ ಅಜ್ಜಿಯ ಪ್ರಶ್ನೆ.

ಬೇಡ ಅಜ್ಜಿ. ಹುಟ್ಟಿದ ಮಕ್ಕಳ ಕಾಮಾಲೆಯೇ ಬೇರೆ. ಲಿವರ್ ಇನ್ನೂ ಬಲಿತಿರುವುದಿಲ್ಲ, ಅದಕ್ಕೆ ಹಳದಿ ನಿಲ್ಲುತ್ತದೆ. ಹೆಚ್ಚಿನ ಮಕ್ಕಳಲ್ಲಿ ಎದೆಹಾಲು ಚೆನ್ನಾಗಿ ಕುಡಿಸಿದರೆ ಇಳಿಯುತ್ತದೆ. ಜಾಸ್ತಿಯಾದರೆ ನೀಲಿ ಬೆಳಕಿನ ಕೆಳಗೆ ಮಲಗಿಸುತ್ತಾರೆ. ತಡ ಮಾಡಿದರೆ ಬಿಲಿರುಬಿನ್ ಮಿದುಳಿಗೆ ಏರಿ ಸರಿಪಡಿಸಲಾಗದ ಹಾನಿ ಮಾಡಬಹುದು. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ ಅಥವಾ ಅಂಗಾಲಿನವರೆಗೂ ಇಳಿದರೆ ತಕ್ಷಣ ತೋರಿಸಿ.

"ನಾನು ಶುಗರ್ ಮಾತ್ರೆ ತಗೊಳ್ತೀನಿ, ನೆಲನೆಲ್ಲಿ ಕಷಾಯ ಕುಡಿದರೆ ತೊಂದರೆ ಇದೆಯಾ?"

ಇರಬಹುದು. ಪ್ರಾಣಿಗಳಲ್ಲಿ ಈ ಗಿಡದ ಸಾರ ರಕ್ತದ ಸಕ್ಕರೆ ಇಳಿಸಿದ್ದು ಕಂಡಿದೆ. ಮಾತ್ರೆಯೂ ಇಳಿಸಿ ಇದೂ ಇಳಿಸಿದರೆ ಸಕ್ಕರೆ ತೀರಾ ಕೆಳಗೆ ಹೋಗುವ ಅಪಾಯ ಇದೆ. ಇನ್ನೊಂದು ವಿಷಯ, ನಾವು ನುಂಗುವ ಮಾತ್ರೆಗಳನ್ನು ಲಿವರ್‌ನ ಕೆಲವು ಕಿಣ್ವಗಳು ಕಡಿದು ಹಾಕುತ್ತವೆ. ಅಮಾರಸ್ ಸಾರ ಆ ಕಿಣ್ವಗಳಿಗೆ ಅಡ್ಡಿ ಮಾಡುವುದು ಪ್ರಯೋಗಾಲಯದಲ್ಲಿ ಕಂಡಿದೆ. ಹಾಗಾದಾಗ ಮಾತ್ರೆಯ ಅಂಶ ರಕ್ತದಲ್ಲಿ ಏರಬಹುದು. ದಿನಾ ಮಾತ್ರೆ ತಗೊಳ್ಳುವವರು, ಅದರಲ್ಲೂ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು, ಕೇಳದೆ ಕುಡಿಯಬೇಡಿ.

ಕೊನೆಯ ಪ್ರಶ್ನೆ ಒಬ್ಬ ಹೆಣ್ಣುಮಗಳದ್ದು. "ನಮ್ಮ ಮನೆಯವರಿಗೆ ಹೆಪಟೈಟಿಸ್ ಬಿ ಇದೆ ಅಂತ ಗೊತ್ತಾಗಿದೆ. ದಿನಾ ಬೆಳಿಗ್ಗೆ ನೆಲನೆಲ್ಲಿ ಅರೆದು ಕೊಡ್ತಿದ್ದೀನಿ. ನಿಲ್ಲಿಸಬೇಕಾ?"

ನೋಡಮ್ಮ, ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ. ಸೊಪ್ಪಿಗಿಂತ ಮೊದಲು ಮೂರು ಕೆಲಸ ಆಗಬೇಕು. ಲಿವರ್ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ವೈರಸ್ ಎಷ್ಟಿದೆ, ಲಿವರ್ ಗಟ್ಟಿಯಾಗುತ್ತಿದೆಯಾ ಅಂತ ನೋಡುತ್ತಾರೆ. ಕೆಲವರಿಗೆ ಔಷಧಿ ಬೇಕಾಗುವುದೇ ಇಲ್ಲ, ಆರು ತಿಂಗಳಿಗೊಮ್ಮೆ ಪರೀಕ್ಷೆ ಸಾಕು. ಬೇಕಾದವರಿಗೆ ಟೆನೊಫೊವಿರ್, ಎಂಟೆಕಾವಿರ್ ಅಂತ ದಿನಕ್ಕೊಂದು ಮಾತ್ರೆ ಇದೆ. ಅವು ವೈರಸ್ಸನ್ನು ಪೂರ್ತಿ ಓಡಿಸುವುದು ಅಪರೂಪ, ಆದರೆ ಚೆನ್ನಾಗಿ ಅದುಮಿ ಇಡುತ್ತವೆ. ಸೊಪ್ಪು ಕೊಡುತ್ತಿರುವುದನ್ನು ಅವರಿಗೆ ಮುಚ್ಚಿಡಬೇಡಿ, ಮುಂದುವರಿಸುವುದೋ ಬಿಡುವುದೋ ಅಲ್ಲೇ ತೀರ್ಮಾನ ಮಾಡಿ. ಎರಡನೆಯದು, ಮನೆಯಲ್ಲಿ ಎಲ್ಲರೂ ರಕ್ತ ಪರೀಕ್ಷೆ ಮಾಡಿಸಿ. ಸೋಂಕು ಇಲ್ಲದವರು ಮೂರು ಸಲ ಲಸಿಕೆ ಹಾಕಿಸಿಕೊಳ್ಳಿ: ಇವತ್ತು ಒಂದು, ತಿಂಗಳಿಗೆ ಒಂದು, ಆರನೇ ತಿಂಗಳಿಗೆ ಒಂದು. ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ ಬೇರೆ ಬೇರೆ ಇಡಿ. ಒಟ್ಟಿಗೆ ಊಟ ಮಾಡುವುದರಿಂದ, ಮಗುವನ್ನು ಎತ್ತಿಕೊಳ್ಳುವುದರಿಂದ ಇದು ಹರಡುವುದಿಲ್ಲ, ಅವರನ್ನು ದೂರ ಕೂರಿಸಬೇಡಿ. ಮೂರನೆಯದು, ಮುಂದೆ ಮನೆಯಲ್ಲಿ ಮಗು ಹುಟ್ಟಿದರೆ ಆ ಮಗುವಿಗೆ 24 ಗಂಟೆಯೊಳಗೆ ಮೊದಲ ಲಸಿಕೆ ಬೀಳಲೇಬೇಕು. ದೊಡ್ಡವರಿಗೆ ಈ ವೈರಸ್ ತಗುಲಿದರೆ ನೂರಕ್ಕೆ ತೊಂಬತ್ತೈದು ಜನ ತಾವಾಗಿಯೇ ಗೆದ್ದುಬಿಡುತ್ತಾರೆ. ಹಸುಗೂಸಿಗೆ ತಗುಲಿದರೆ ಲೆಕ್ಕ ತಿರುಗುಮುರುಗು. ನೂರಕ್ಕೆ ತೊಂಬತ್ತು ಮಕ್ಕಳಲ್ಲಿ ಅದು ಜೀವನಪೂರ್ತಿ ಉಳಿಯುತ್ತದೆ. ಹೆರಿಗೆ ಎಲ್ಲೇ ಆಗಲಿ, ಲಸಿಕೆ ಇದೆಯಾ ಅಂತ ಮೊದಲೇ ಕೇಳಿ ಬರೆಸಿಟ್ಟುಕೊಳ್ಳಿ.